ಸ್ವೆಟರ್ ಎಣಿಸುವ ಮೋಕ್ ಸಿಫು

ಯಾವ ಹೋಟೆಲಿನೊಳಗೆ ಕಾಲಿಟ್ಟರೂ ಮೋಕ್ ಸಿಫು ಮೊದಲು ನೋಡುವುದು ಜನರ ಭುಜಗಳನ್ನು. ಎಷ್ಟು ಭುಜಗಳ ಮೇಲೆ ಸ್ವೆಟರ್ ಇದೆ, ಎಷ್ಟು ಕೊರಳಿಗೆ ಬಟ್ಟೆ ಸುತ್ತಿದೆ, ಎಷ್ಟು ಹೆಂಗಸರು ಕೈಚೀಲವನ್ನು ಹೊಟ್ಟೆಗೆ ಅವುಚಿಕೊಂಡು ಕೂತಿದ್ದಾರೆ ಎಂದು ಬಾಗಿಲಲ್ಲೇ ನಿಂತು ಎಣಿಸುತ್ತಾರೆ. ಹೊರಗೆ ಮೂವತ್ತಮೂರು ಡಿಗ್ರಿ ಬಿಸಿಲು. ಒಳಗೆ ಎಂಟು ಸ್ವೆಟರ್ ಕಂಡರೆ "ಕೆಟ್ಟ ಕೆಲ್ಸ" ಎಂದು ಗೊಣಗಿ ತಿರುಗಿ ನಡೆಯುತ್ತಾರೆ. ಎರಡು ಕಂಡರೆ "ಪರ್ವಾಗಿಲ್ಲ" ಎನ್ನುತ್ತಾರೆ, ಆದರೂ ಒಳಗೆ ಹೋಗುವುದಿಲ್ಲ. ಒಂದೂ ಇಲ್ಲದಿದ್ದರೆ ಮಾತ್ರ ಸ್ಟೂಲು ಎಳೆದುಕೊಂಡು ಕೂತು ತಿಂಡಿ ತರಿಸುತ್ತಾರೆ.

ಮದುವೆಯಾದ ಹೊಸದರಲ್ಲಿ ಒಂದು ಸಂಜೆ ಊಟಕ್ಕೆಂದು ಹೊರಟು, ಐದು ಹೋಟೆಲುಗಳ ಬಾಗಿಲಿಂದ ವಾಪಸು ಬಂದು, ಕೊನೆಗೆ ಗಂಡ ಹೆಂಡತಿ ಇಬ್ಬರೂ ಬೀದಿಬದಿಯಲ್ಲಿ ನಿಂತು ಮೀನುಂಡೆ ತಿಂದು ಮನೆಗೆ ಬಂದರಂತೆ. "ಆ ಗಾಡಿಗೆ ಏಸಿನೇ ಇರ್ಲಿಲ್ಲ, ಅದಕ್ಕೇ ಇವ್ರಿಗೆ ತಪ್ಪು ಹುಡುಕೋಕೆ ಆಗ್ಲಿಲ್ಲ" ಎನ್ನುತ್ತಾರೆ ಅವರ ಹೆಂಡತಿ ಲಾಯ್-ಕುನ್.

ಹಾಂಗ್‌ಕಾಂಗಿನ ತೊಕ್ವಾವಾನಿನಲ್ಲಿ ಅವರ ಮನೆಯಿರುವ ಕಟ್ಟಡದಲ್ಲೇ, ಎರಡು ಮಹಡಿ ಕೆಳಗೆ, ನಮ್ಮ ಮನೆ. ಇಲ್ಲಿ ಬರೆದಿರುವುದರಲ್ಲಿ ಸ್ವಲ್ಪ ನಾನೇ ಕಂಡದ್ದು. ಉಳಿದದ್ದು ಸಿಫು ಮತ್ತು ಲಾಯ್-ಕುನ್ ಹೇಳಿದ್ದು, ಲಾಯ್-ಕುನ್ ತಾಯಿಯ ಗೆಳತಿ ತೋಂಗ್ ಟೀಚರ್ ತಮ್ಮ ದಿನಚರಿ ನೋಡಿ ಓದಿದ್ದು. ಒಬ್ಬರ ಮಾತು ಇನ್ನೊಬ್ಬರದಕ್ಕೆ ತಾಳೆಯಾಗದ ಕಡೆ ಎರಡನ್ನೂ ಬಿಟ್ಟಿದ್ದೇನೆ.

ಮೋಕ್ ಸಿಫುಗೆ ಈಗ ಅರವತ್ತೆರಡು. ಕೈಕೆಲಸ ಬಲ್ಲವರನ್ನೆಲ್ಲ ಇಲ್ಲಿ ಸಿಫು ಎನ್ನುವಂತೆ ಅವರನ್ನೂ ಎಲ್ಲರೂ ಹಾಗೇ ಕರೆಯುತ್ತಾರೆ. ಸಿಯು-ಕೆಯ್ ಎಂಬ ಸ್ವಂತ ಹೆಸರು ಈಗ ಹೆಂಡತಿ ಮತ್ತು ಅತ್ತೆಯ ಬಾಯಲ್ಲಿ ಮಾತ್ರ ಉಳಿದಿದೆ. ಹದಿನೇಳಕ್ಕೆ ತಗಡಿನ ಕಾರ್ಖಾನೆ ಸೇರಿ ಇಪ್ಪತ್ತು ವರ್ಷ ಡಕ್ಟ್, ಅಂದರೆ ಗಾಳಿ ಹರಿಯುವ ತಗಡಿನ ಕೊಳವೆ, ಬಡಿದದ್ದರಿಂದ ಎಡಗಿವಿ ಮಂದ. ತಾನು ಕೇಳಬೇಕಾದ ಮಾತಿಗೆ ಬಲಗಿವಿ, ಬೇಡದ ಮಾತಿಗೆ ಎಡಗಿವಿ ಕೊಡುತ್ತಾರೆ ಎಂದು ಲಾಯ್-ಕುನ್ ದೂರುವುದುಂಟು.

ಅವರದು ಗಾಳಿಯ ಕೆಲಸ. ದೊಡ್ಡ ಹೋಟೆಲುಗಳಲ್ಲಿ ತಣ್ಣನೆ ಗಾಳಿ ಚಾವಣಿಯ ಮೇಲಿನ ತಗಡಿನ ಡಕ್ಟಿನಲ್ಲಿ ಹರಿದು ಬರುತ್ತದೆ. ಒಂದೊಂದು ಮೂಲೆಗೂ ಅದರಿಂದ ಒಂದು ಕವಲು. ಕವಲಿನೊಳಗೆ ಒಂದು ತಗಡಿನ ಬಾಗಿಲು. ಆ ಬಾಗಿಲನ್ನು ತೆರೆ, ಮುಚ್ಚು ಎಂದು ಹೇಳುವುದು ಕೆಳಗೆ ಗೋಡೆಯ ಮೇಲೆ ಕೂತ ಥರ್ಮೋಸ್ಟಾಟ್. ಅದಕ್ಕೆ ಸೆಕೆ ಎನಿಸಿದರೆ ಬಾಗಿಲು ಅಗಲವಾಗಿ ತೆರೆದು ಗಾಳಿ ಸುರಿಯುತ್ತದೆ, ತಂಪೆನಿಸಿದರೆ ಬಾಗಿಲು ಮುಕ್ಕಾಲು ಮುಚ್ಚಿಕೊಳ್ಳುತ್ತದೆ.

"ಥರ್ಮೋಸ್ಟಾಟ್ ತುಂಬಾ ನಿಯತ್ತಿನ ಪ್ರಾಣಿ" ಎನ್ನುತ್ತಾರೆ ಸಿಫು. "ಆದ್ರೆ ದಡ್ಡ. ತನ್ನ ಮೂಗಿನ ಮುಂದಿರೋ ಗಾಳಿನೇ ಇಡೀ ಲೋಕ ಅಂದ್ಕೊಂಡಿರತ್ತೆ."

ಅವರ ಚೀಲದಲ್ಲಿ ಸ್ಪ್ಯಾನರು, ಟೇಪು, ಥರ್ಮಾಮೀಟರುಗಳ ಜೊತೆ ಯಾವಾಗಲೂ ಒಂದು ಕಟ್ಟು ಊದುಬತ್ತಿ. ಹೊಸ ತಲೆಮಾರಿನವರು ಗಾಳಿಯ ವೇಗ ಅಳೆಯಲು ಮೀಟರು ಹಿಡಿಯುತ್ತಾರೆ. ಸಿಫು ಒಂದು ಕಡ್ಡಿ ಹಚ್ಚಿ ಸುಮ್ಮನೆ ನಿಲ್ಲುತ್ತಾರೆ. "ಎಷ್ಟು ಅಂತ ಮೀಟರು ಹೇಳತ್ತೆ. ಎಲ್ಲಿಗೆ ಅಂತ ಹೊಗೆ ಹೇಳತ್ತೆ."

ನಮ್ಮ ಬೀದಿಯ ಕೊನೆಯಲ್ಲಿ, ಬೀಗದ ಅಂಗಡಿಯ ಮೇಲಿನ ಮಹಡಿಯಲ್ಲಿ, ಹಾಂಗ್ ಲೋಕ್ ಚಹಾಮನೆಯಿದೆ. ಅದರ ಚಾವಣಿಯೊಳಗಿನ ಡಕ್ಟುಗಳನ್ನೆಲ್ಲ ಹತ್ತೊಂಬತ್ತು ವರ್ಷದ ಹಿಂದೆ ಕೂರಿಸಿದ್ದು ಮೋಕ್ ಸಿಫು. ಮೂವತ್ತೆಂಟು ಮೇಜು, ಆರು ಕವಲು, ಆರು ಥರ್ಮೋಸ್ಟಾಟ್. ತಮ್ಮ ಜೀವನದ ಒಳ್ಳೆಯ ಕೆಲಸ ಯಾವುದೆಂದರೆ ಅದನ್ನೇ ತೋರಿಸುತ್ತಾರೆ. ಆದರೆ ಹತ್ತೊಂಬತ್ತು ವರ್ಷದಲ್ಲಿ ಅಲ್ಲಿ ಒಂದು ದಿನವೂ ಕೂತು ಚಹಾ ಕುಡಿದವರಲ್ಲ. ರಿಪೇರಿಗೆ ಹೋದರೂ ಮಧ್ಯಾಹ್ನ ಮೂರರ ಮೇಲೆ, ಮೇಜುಗಳು ಖಾಲಿಯಾಗಿ ಏಣಿ ಇಡಲು ಜಾಗವಾದಾಗ. ಬೆಳಗಿನ ಹೊತ್ತು ಅತ್ತ ಸುಳಿಯುತ್ತಿರಲಿಲ್ಲ. ಕಾರಣ, ಅಲ್ಲಿನ ಏಳನೇ ಮೇಜು.

ಏಳನೇ ಮೇಜು ಅವರ ಅತ್ತೆ ಕ್ವಾಯ್ ಪೋ ಅವರದು. ಎಂಬತ್ತನಾಲ್ಕರ ಅಜ್ಜಿ. ಡಕ್ಟ್ ಬರುವ ಮೊದಲು, ಚಾವಣಿಯಲ್ಲಿ ಫ್ಯಾನು ತಿರುಗುತ್ತಿದ್ದ ಕಾಲದಿಂದ, ಮೂವತ್ತೊಂದು ವರ್ಷ, ಪಶ್ಚಿಮದ ಮೂಲೆಯ ಆ ದುಂಡು ಮೇಜಿನಲ್ಲಿ ಬೆಳಿಗ್ಗೆ ಆರರಿಂದ ಹತ್ತರವರೆಗೆ ಕೂರುತ್ತಾರೆ. ಜೊತೆಗೆ ಇನ್ನಿಬ್ಬರು. ಒಬ್ಬರು ಟೈಲರಿಂಗ್ ಮಾಡುತ್ತಿದ್ದ ಸಾಮ್ ಕು, ಅಂದರೆ ಮೂರನೇ ಅತ್ತೆ. ಯಾರಿಗೆ ಮೂರನೆಯವರೆಂದು ಈಗ ಅವರಿಗೇ ಸರಿಯಾಗಿ ಗೊತ್ತಿಲ್ಲ. ಇನ್ನೊಬ್ಬರು ಪ್ರೈಮರಿ ಶಾಲೆಯಲ್ಲಿ ಲೆಕ್ಕ ಹೇಳಿಕೊಡುತ್ತಿದ್ದ ತೋಂಗ್ ಟೀಚರ್. ಏನು ತಿಂದೆವು, ಯಾರು ಬಂದರು ಎಂದು ದಿನವೂ ಪುಟ್ಟ ಪುಸ್ತಕದಲ್ಲಿ ಬರೆಯುತ್ತಾರೆ. ಒಂದು ಕೆಟಲು ಪೋಲೇ ಎಂಬ ಕಪ್ಪು ಚಹಾ, ಮೇಜುಗಳ ನಡುವೆ ಬರುವ ತಳ್ಳುಗಾಡಿಯಿಂದ ಎರಡು ಬುಟ್ಟಿ ತಿಂಡಿ, ನಾಲ್ಕು ಗಂಟೆ ಮಾತು. ಮನೆಗೆ ಹೋದರೆ ಕ್ವಾಯ್ ಪೋಗೆ ಮಾತಾಡಲು ರೇಡಿಯೊ ಒಂದೇ.

ಮಗಳನ್ನು ಫೆರಿ ಕಂಪನಿಯ ಗುಮಾಸ್ತನಿಗೆ ಕೊಡಬೇಕೆಂದು ಕ್ವಾಯ್ ಪೋಗೆ ಆಸೆಯಿತ್ತು. ಮಗಳು ತಗಡಿನವನನ್ನು ಮೆಚ್ಚಿದಳು. ಮದುವೆಯ ಊಟದಲ್ಲೇ ಅತ್ತೆ ಹತ್ತು ಮೇಜಿಗೆ ಕೇಳುವಂತೆ, "ಒಳ್ಳೇದಾಯ್ತು. ಗಂಡ ಮನೇಲಿದಾನೋ ಇಲ್ವೋ ಅಂತ ಹುಡುಕೋದೇ ಬೇಡ, ಸದ್ದು ಬರತ್ತೆ" ಎಂದಿದ್ದರು. ಅಂದಿನಿಂದ ಅಳಿಯ ಹಬ್ಬದ ದಿನ ತಲೆಬಾಗಿ ಉಣ್ಣುವುದು, ಉಳಿದ ದಿನ ಎಡಗಿವಿ ತೋರಿಸುವುದು ಎಂದು ಇಟ್ಟುಕೊಂಡಿದ್ದರು.

ಹೋದ ಜುಲೈಯಲ್ಲಿ ಏಳನೇ ಮೇಜಿಗೆ ಚಳಿ ಹಿಡಿಯಿತು.

ಮೊದಲು ಸ್ವಲ್ಪ. ಮೂವರೂ ಚೀಲದಿಂದ ಸ್ವೆಟರ್ ತೆಗೆದರು. ಆಗಸ್ಟಿನ ಹೊತ್ತಿಗೆ ಚಹಾ ಬಟ್ಟಲಿಗೆ ಬಗ್ಗಿಸಿದ ಕೂಡಲೇ ಆರುತ್ತಿತ್ತು. ಭಾನುವಾರದ ಊಟಕ್ಕೆ ಮಗಳ ಮನೆಗೆ ಬಂದ ಕ್ವಾಯ್ ಪೋ ಚಪ್ಪಲಿ ಬಿಡುತ್ತಲೇ ಶುರು ಮಾಡಿದರು.

"ಆ-ಕೆಯ್, ನಿನ್ನ ಹಾಂಗ್ ಲೋಕ್‌ನಲ್ಲಿ ಈಗ ಮೀನು ಇಡೋಕೆ ಫ್ರಿಜ್ಜೇ ಬೇಡ. ನಮ್ಮ ಮೇಜಿನ ಮೇಲಿಟ್ರೆ ಸಾಕು."

"ಅತ್ತೆ, ಆ ಮೂಲೆನ ಇಪ್ಪತ್ತೈದಕ್ಕೆ ಇಟ್ಟಿದೀನಿ. ಹತ್ತೊಂಬತ್ತು ವರ್ಷದಿಂದ ಅಷ್ಟೇ ಇದೆ."

"ಹಾಗಾದ್ರೆ ನನ್ನ ಮೂಳೆ ಸುಳ್ಳು ಹೇಳ್ತಿವೆ. ಎಂಬತ್ನಾಲ್ಕು ವರ್ಷದಿಂದ ಜೊತೇಲಿದಾವೆ, ಈಗ ಸುಳ್ಳು ಕಲಿತ್ವು."

"ನಾಳೆ ನೋಡ್ತೀನಿ."

"ನೋಡು. ಬರ್ವಾಗ ಕಂಬಳಿ ತಾ."

ಮರುದಿನ ಮಧ್ಯಾಹ್ನ ಮೂರಕ್ಕೆ ಸಿಫು ಏಣಿ ಹೊತ್ತು ಹೋದರು. ಪಶ್ಚಿಮ ಮೂಲೆಯ ಥರ್ಮೋಸ್ಟಾಟ್ ಒಂದು ಚೌಕಾಕಾರದ ಕಂಬದ ಮೇಲಿದೆ. ಗಿರಾಕಿಗಳು ಬೆರಳಾಡಿಸಬಾರದೆಂದು ಮ್ಯಾನೇಜರು ಅದಕ್ಕೆ ಪ್ಲಾಸ್ಟಿಕ್ಕಿನ ಗೂಡು ಹೊದಿಸಿ ಬೀಗ ಹಾಕಿಸಿದ್ದರು. ಅದೇ ಕಂಬದ ಬುಡದಲ್ಲಿ, ನೆಲದ ಮೇಲೆ, ನೆಲದ ದೇವರ ಕೆಂಪು ಗುಡಿ. ಮೊದಲು ಅದು ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿತ್ತು. ಜುಲೈಯಲ್ಲಿ ಗಲ್ಲಾಪೆಟ್ಟಿಗೆಯನ್ನು ಬಾಗಿಲ ಕಡೆ ಸರಿಸಿದಾಗ, ಜಾಗ ನೋಡುವ ಪಂಡಿತರೊಬ್ಬರು ದಿಕ್ಸೂಚಿ ಹಿಡಿದು ಬಂದು, ದೇವರನ್ನು ಈ ಕಂಬಕ್ಕೆ ಒರಗಿಸಿ ಕೂರಿಸಿದ್ದರು. ಒಳಗೆ ಎರಡು ಕೆಂಪು ಬಲ್ಬು, ಮೂರು ಪುಟ್ಟ ಬಟ್ಟಲು ಚಹಾ, ಕಿತ್ತಳೆಹಣ್ಣು, ಒಂದು ಗಾಜಿನ ಲೋಟ. ಸಿಫು ಏಣಿ ಹತ್ತುವ ಮೊದಲು ಪದ್ಧತಿಯಂತೆ ಅದರ ಮುಂದೆ ಕೈಜೋಡಿಸಿದರು.

ಏಣಿ ಹತ್ತಿ ಚಾವಣಿ ಬಿಚ್ಚಿ ನೋಡಿದರೆ ಎಲ್ಲವೂ ಸರಿ. ಗಾಳಿಯ ಜಾಲರಿ ತೊಳೆದರು. ತಗಡಿನ ಬಾಗಿಲಿಗೆ ಎಣ್ಣೆ ಬಿಟ್ಟರು. ಥರ್ಮೋಸ್ಟಾಟ್ ಇಪ್ಪತ್ತೈದು ತೋರಿಸಿತು. ಅವರ ಚೀಲದ ಥರ್ಮಾಮೀಟರೂ ಇಪ್ಪತ್ತೈದು.

ಮ್ಯಾನೇಜರ್ ಸೀತೋ ಲೆಕ್ಕದವರ ಹಾಗೆ ತೋಳಿಗೆ ರಬ್ಬರ್ ಬ್ಯಾಂಡ್ ಹಾಕಿಕೊಂಡು ಓಡಾಡುವ ಮನುಷ್ಯ. ಏಣಿಯ ಕೆಳಗೆ ನಿಂತು ಹೇಳಿದರು. "ಸಿಫು, ಬೆಳಿಗ್ಗೆ ಇದೇ ಡಬ್ಬಿ ಇಪ್ಪತ್ತೊಂಬತ್ತು ತೋರಿಸತ್ತೆ, ಇದರ ಕೆಳಗೆ ಕೂತ ಗಿರಾಕಿಗಳು ನಡುಗ್ತಿರ್ತಾರೆ. ಇಬ್ಬರಲ್ಲಿ ಯಾರನ್ನ ನಂಬ್ಲಿ?"

"ಗಿರಾಕಿನ."

ಥರ್ಮೋಸ್ಟಾಟ್ ಬಿಚ್ಚಿ ಮನೆಗೆ ತಂದು ಅಡುಗೆಮನೆಯ ಮೇಜಿನ ಮೇಲಿಟ್ಟು ಎರಡು ದಿನ ಕಾದರು. ಒಂದು ಡಿಗ್ರಿಯಷ್ಟೂ ಸುಳ್ಳು ಹೇಳಲಿಲ್ಲ. ಆದರೂ ಹೊಸದೊಂದನ್ನು ಹಾಕಿದರು. ಮರುದಿನ ಬೆಳಿಗ್ಗೆ ಹೊಸದೂ ಇಪ್ಪತ್ತೊಂಬತ್ತು ಎಂದಿತು. ಆಮೇಲೆ ಸೀತೋ ತಾವೇ ಏಳನೇ ಮೇಜಿನ ಮೇಲಿನ ಗಾಳಿ ಕಿಂಡಿಗೆ ಒಂದು ರಟ್ಟು ಅಂಟಿಸಿದರು. ಅದು ಮಾರನೆಯ ದಿನ ಏಳೂವರೆಗೆ ಕಿತ್ತುಕೊಂಡು ಸಾಮ್ ಕು ಅವರ ಗಂಜಿ ಬಟ್ಟಲಿಗೆ ಬಿತ್ತು.

"ನಾನು ಇದನ್ನ ತರಿಸಿರ್ಲಿಲ್ವಲ್ಲ" ಎಂದರಂತೆ ಸಾಮ್ ಕು, ರಟ್ಟನ್ನು ಚಾಪ್‌ಸ್ಟಿಕ್ಕಿನಲ್ಲಿ ಎತ್ತಿ ಹಿಡಿದು. ಅದಾದ ಮೇಲೆ ತಮ್ಮ ಬಟ್ಟಲು ತೆಗೆದುಕೊಂಡು ಪೂರ್ವದ ಬದಿಯ ಇಪ್ಪತ್ತೊಂದನೇ ಮೇಜಿಗೆ ಹೋಗಿ, ಗುರುತಿಲ್ಲದವರ ನಡುವೆ ಕೂತರು.

ಅಂದೇ ಸೀತೋ ಲಾಯ್-ಕುನ್‌ಗೆ ಫೋನು ಮಾಡಿದರು. ಸಿಫುಗೆ ಹೇಳಲು ಸಂಕೋಚವಾಗಿತ್ತೋ ಏನೋ. ಚೀನಿ ಪಂಚಾಂಗದ ಎಂಟನೇ ತಿಂಗಳು ಹುಟ್ಟಿದ ದಿನದಿಂದ ಚಂದ್ರನ ಹಬ್ಬದ ಮೂನ್‌ಕೇಕ್ ಮಾರಲು ಒಂದು ಕೌಂಟರ್ ಬೇಕು, ಹೇಗೂ ಪಶ್ಚಿಮ ಮೂಲೆಯಲ್ಲಿ ಯಾರೂ ಕೂರುವುದಿಲ್ಲ, ಏಳನೇ ಮೇಜನ್ನು ತೆಗೆಯುತ್ತೇವೆ, ಹಬ್ಬ ಮುಗಿದ ಮೇಲೂ ಕೌಂಟರ್ ಅಲ್ಲೇ ಇರುತ್ತದೆ ಎಂದರು. "ಕ್ವಾಯ್ ಪೋಗೆ ಬೇರೆ ಕಡೆ ಒಂದು ಕುರ್ಚಿ ಕೊಡ್ತೀವಿ. ಮೂವರನ್ನೂ ಒಟ್ಟಿಗೆ ಕೂರಿಸೋದು ಮಾತ್ರ ಕಷ್ಟ."

ಅಂದಿಗೆ ಉಳಿದಿದ್ದದ್ದು ಹನ್ನೊಂದು ದಿನ.

ಅಷ್ಟರಲ್ಲಿ ಕ್ವಾಯ್ ಪೋಗೆ ಕೆಮ್ಮು ಹತ್ತಿತು. ಚಹಾಮನೆಗೆ ಹೋಗಕೂಡದೆಂದು ಮಗಳು ಕಟ್ಟಪ್ಪಣೆ ಮಾಡಿದ್ದರಿಂದ, ಅವರು ಬೆಳಿಗ್ಗೆ ಆರಕ್ಕೆ ಮಗಳ ಮನೆಗೇ ಬಂದು ಸೋಫಾದಲ್ಲಿ ಕೂತರು. ಮೂರು ದಿನ ಹೀಗೇ ಆಯಿತು. ಸಿಫು ಹಲ್ಲುಜ್ಜುವುದು, ಸಿಫು ಕಾಲುಚೀಲ ಹುಡುಕುವುದು, ಸಿಫು ಬ್ರೆಡ್ಡಿಗೆ ಬೆಣ್ಣೆ ಹಚ್ಚುವುದು, ಎಲ್ಲದಕ್ಕೂ ರೇಡಿಯೊದಲ್ಲಿ ಕುದುರೆ ರೇಸಿಗೆ ಬರುವಂಥ ವಿವರಣೆ.

"ನೋಡೇ ಲಾಯ್-ಕುನ್, ಎಡಗಾಲಿಂದು ಸಿಕ್ತು. ಬಲಗಾಲಿಂದು ಇನ್ನೂ ಹಿಂದಿದೆ."

"ಅಮ್ಮಾ, ಅವ್ರಿಗೆ ಕೇಳ್ಸತ್ತೆ."

"ಕೇಳ್ಸಲ್ಲ, ಈ ಕಡೆದು ತಗಡಿನ ಕಿವಿ."

ಆದರೆ ಎರಡನೆಯ ದಿನ ಬ್ರೆಡ್ಡು ತಿನ್ನುತ್ತಿದ್ದ ಸಿಫು ಒಂದು ವಿಷಯ ಗಮನಿಸಿದರು. ಮಾತು ಮುಗಿದಾಗಲೆಲ್ಲ ಅತ್ತೆಯ ಕಣ್ಣು ಗೋಡೆ ಗಡಿಯಾರಕ್ಕೆ ಹೋಗುತ್ತಿತ್ತು. ಏಳು ಗಂಟೆಗೆ, "ಈಗ ಸೀಗಡಿ ಕಡುಬಿನ ಗಾಡಿ ಬರೋ ಹೊತ್ತು." ಎಂಟಕ್ಕೆ, "ಟೀಚರ್ ಈಗ ಪೇಪರಿನ ಪದಬಂಧ ಶುರು ಮಾಡಿರ್ತಾರೆ, ನಾಲ್ಕನೇ ಸಾಲಿಗೆ ನನ್ನ ಕೇಳ್ಬೇಕು." ಇದರಲ್ಲಿ ಕುಹಕವಿರಲಿಲ್ಲ. ಇಂಥ ಮಾತಿಗೆ ಯಾವ ಕಿವಿ ಕೊಡಬೇಕೆಂದು ಸಿಫುಗೆ ತಿಳಿಯಲಿಲ್ಲ.

ಮೂರನೆಯ ದಿನ ಸೀತೋ ಫೋನು ಮಾಡಿ ಕೊಂಡಾಡಿದರು. "ಸಿಫು, ಅದೇನು ಮಾಡಿದ್ರಿ? ಮೂರು ದಿನದಿಂದ ಆ ಮೂಲೆ ವಸಂತಕಾಲದ ಹಾಗಿದೆ!"

ಸಿಫು ಮೂರು ದಿನದಿಂದ ಅತ್ತ ಹೋಗಿಯೇ ಇರಲಿಲ್ಲ. ಹಾಗೆಂದು ಹೇಳಲಿಲ್ಲ.

ನಾಲ್ಕನೆಯ ದಿನ ಕೆಮ್ಮು ನಿಂತಿತು. ಕ್ವಾಯ್ ಪೋ ಗೆದ್ದ ಮುಖದಲ್ಲಿ ಏಳನೇ ಮೇಜಿಗೆ ಹಿಂದಿರುಗಿದರು. ಸಾಮ್ ಕು ಕೂಡ ಬಟ್ಟಲು ಹಿಡಿದು ವಾಪಸು ಬಂದರು. ಒಂದು ಗಂಟೆಯೊಳಗೆ ಮೂವರೂ ಮತ್ತೆ ಸ್ವೆಟರ್ ಹಾಕಿಕೊಂಡು ಕೈ ಉಜ್ಜುತ್ತಿದ್ದರು.

ತೋಂಗ್ ಟೀಚರ್ ಪುಟ್ಟ ಪುಸ್ತಕ ತೆರೆದು ಹೇಳಿದರು. "ಮಂಗಳವಾರ ಚಳಿಯಿಲ್ಲ. ಬುಧವಾರ ಚಳಿಯಿಲ್ಲ. ಗುರುವಾರ ಚಳಿಯಿಲ್ಲ. ಇವತ್ತು ಇದೆ. ವ್ಯತ್ಯಾಸ ಒಂದೇ, ಕ್ವಾಯ್. ನೀನು."

"ಅಂದ್ರೆ ನಾನು ಮನೆಯಿಂದ ಚಳಿ ಕಟ್ಕೊಂಡು ಬರ್ತೀನಾ?"

"ನಾನು ಹಾಗೆ ಹೇಳ್ಲಿಲ್ಲ. ಲೆಕ್ಕ ಹೇಳ್ತಿದೆ."

"ನಿನ್ನ ಚೀಲ ತೋರಿಸು" ಎಂದರು ಸಾಮ್ ಕು. "ಒಳಗೆ ಏನಾದ್ರೂ ಹಿಮಗಡ್ಡೆ ಇದ್ಯಾ ಅಂತ ನೋಡ್ತೀನಿ."

ನಕ್ಕರೂ ಸಾಮ್ ಕು ಬಟ್ಟಲೆತ್ತಿಕೊಂಡು ಮತ್ತೆ ಇಪ್ಪತ್ತೊಂದಕ್ಕೆ ಹೋದರು. ಆ ವಾರ ಬೇರೆ ಮೇಜಿನವರೂ ಇದನ್ನೇ ತಮಾಷೆ ಮಾಡಿದರು. ಏಳನೇ ತಿಂಗಳು ನಡೆಯುತ್ತಿತ್ತು, ಸತ್ತವರು ಊರೊಳಗೆ ಓಡಾಡುವ ತಿಂಗಳು. ಅಜ್ಜಿಯ ಬೆನ್ನಿಗೆ ಯಾರಾದರೂ ಅಂಟಿಕೊಂಡು ಬರುತ್ತಿರಬೇಕು ಎಂದು ಒಬ್ಬ ಮುದುಕರು ಪಿಸುಗುಟ್ಟಿದ್ದು ಕ್ವಾಯ್ ಪೋ ಕಿವಿಗೂ ಬಿತ್ತು. ಆ ಭಾನುವಾರ ಅವರು ಮಗಳ ಮನೆಯ ಊಟದಲ್ಲಿ ಅಳಿಯನನ್ನು ಒಂದು ಸಲವೂ ಹಂಗಿಸಲಿಲ್ಲ. ಅನ್ನ ಅರ್ಧ ಬಿಟ್ಟು ಎದ್ದರು.

ಇದು ಸಿಫುಗೆ ಇಪ್ಪತ್ತೊಂಬತ್ತು ಡಿಗ್ರಿಗಿಂತ ಹೆಚ್ಚು ಚಿಂತೆ ಹತ್ತಿಸಿತು. ಎಂಟನೇ ತಿಂಗಳಿಗೆ ಇನ್ನು ಮೂರೇ ದಿನ. ಟೀಚರ್ ಹೇಳಿದ ಲೆಕ್ಕವನ್ನು ಲಾಯ್-ಕುನ್ ಬಾಯಿಂದ ಎರಡು ಸಲ ಕೇಳಿಸಿಕೊಂಡು, ಸೋಮವಾರ ಐದೂ ಮುಕ್ಕಾಲಿಗೆ, ಜೀವನದಲ್ಲಿ ಮೊದಲ ಬಾರಿಗೆ, ಹಾಂಗ್ ಲೋಕ್ ಮೆಟ್ಟಿಲ ಸಾಲಿನಲ್ಲಿ ಹೋಗಿ ನಿಂತರು. ಮುಂದೆ ಕ್ವಾಯ್ ಪೋ ಬಟ್ಟೆ ಚೀಲ ಹಿಡಿದು ನಿಂತಿದ್ದರು. ಹಿಂತಿರುಗಿ ನೋಡಲಿಲ್ಲ.

ಬಾಗಿಲು ತೆರೆಯಿತು. ಅತ್ತೆ ಮೇಜಿಗೆ ಹೋಗುವ ಮೊದಲು ನೇರ ಕಂಬದ ಬುಡಕ್ಕೆ ಹೋದರು. ಸೊಂಟ ಹಿಡಿದುಕೊಂಡು ಪುಟ್ಟ ಸ್ಟೂಲಿನ ಮೇಲೆ ಕೂತು, ಚೀಲದಿಂದ ಕಡಲೆಕಾಯಿ ಎಣ್ಣೆಯ ಶೀಶೆ ತೆಗೆದು, ಗುಡಿಯ ಮುಂದಿನ ಗಾಜಿನ ಲೋಟಕ್ಕೆ ಸುರಿದು, ಬತ್ತಿ ಹಚ್ಚಿದರು. ಆಮೇಲೆ ಹೆಬ್ಬೆರಳು ದಪ್ಪದ ಮೂರು ಊದುಬತ್ತಿ. ಮಾತಾಡಿಸೋಣವೆಂದು ಬೆನ್ನ ಹಿಂದೆ ಬಂದ ಸಿಫು, ಅವರು ದೇವರ ಹತ್ತಿರ ಮಾತು ಶುರು ಮಾಡಿದ್ದು ಕಂಡು ನಿಂತುಬಿಟ್ಟರು. ಬಲಗಿವಿ ಅತ್ತೆಯ ಕಡೆಗಿತ್ತು.

"ನೆಲದಪ್ಪಾ, ನಾನು ಏಳನೇ ಮೇಜಿನ ಕ್ವಾಯ್. ಇವತ್ತು ಇನ್ನೂ ದಪ್ಪದ್ದು ತಂದಿದೀನಿ, ಮಧ್ಯಾಹ್ನದವರೆಗೂ ಉರಿಯತ್ತೆ. ಚಳಿ ನನಗೇನೂ ಅಲ್ಲ, ಸ್ವೆಟರ್ ಇದೆ. ಆ ಹುಡುಗನ ಹೆಸರು ಮಾತ್ರ ಕೆಡಬಾರ್ದು. ಈ ಚಾವಣಿ ಮಾಡಿದ್ದು ಅವನು. ಹತ್ತೊಂಬತ್ತು ವರ್ಷ ಇದರ ಕೆಳಗೆ ನಾನು ಸುಖವಾಗಿ ಕೂತಿದೀನಿ. ಕೆಲ್ಸ ಬರದೋನಾಗಿದ್ರೆ ನಾನೇ ಮೊದ್ಲು ಹೇಳ್ತಿದ್ದೆ, ನನ್ನ ಬಾಯಿ ನಿಂಗೆ ಗೊತ್ತಲ್ಲ. ಆ ಸೀತೋ ಅವನನ್ನ ನಾಲ್ಕು ಜನರ ಮುಂದೆ ಕೆಲಸ ಗೊತ್ತಿಲ್ದೋನು ಅನ್ನೋ ಹಾಗೆ ಮಾಡ್ಬೇಡ. ಮತ್ತೆ, ಇದನ್ನೆಲ್ಲ ಅವನಿಗೆ ಹೇಳ್ಬಿಡಬೇಡ. ತಲೆ ಮೇಲೆ ಹತ್ತಿ ಕೂರ್ತಾನೆ."

ಕ್ವಾಯ್ ಪೋಗೆ ಓದಲು ಬರುವುದಿಲ್ಲ. ಇದನ್ನು ಅವರಿಗೆ ಯಾರಾದರೂ ಓದಿ ಹೇಳುವುದಾದರೆ, ಈ ಭಾಗವನ್ನೂ ಮುಂದಿನ ಸ್ವಲ್ಪವನ್ನೂ ಬಿಟ್ಟು ಓದಬೇಕೆಂದು ಕೇಳಿಕೊಳ್ಳುತ್ತೇನೆ.

ಸಿಫು ಸದ್ದಿಲ್ಲದೆ ಬಾಗಿಲವರೆಗೆ ಹಿಂದೆ ಸರಿದು, ಮತ್ತೆ ಬೂಟು ಸದ್ದು ಮಾಡುತ್ತ ಬಂದರು.

"ಅಯ್ಯೋ, ಯಾರಿದು! ದಾರಿ ತಪ್ಪಿದ್ಯಾ?" ಎಂದರು ಅತ್ತೆ, ಅವಸರದಲ್ಲಿ ಎದ್ದು.

"ಚಹಾ ಕುಡಿಯೋಣ ಅಂತ ಬಂದೆ, ಅತ್ತೆ."

"ಇವತ್ತು ಸೂರ್ಯ ಎಲ್ಲಿ ಹುಟ್ದ ಅಂತ ಟೀಚರ್ ಪುಸ್ತಕದಲ್ಲಿ ಬರೀಲಿ. ಕೂತ್ಕೋ. ಕಾಲು ಉದ್ದ ಬಿಡಬೇಡ, ಗಾಡಿ ಹೋಗ್ಬೇಕು."

ಸಿಫು ಕೂತರು. ಅವರ ಕಣ್ಣು ಊದುಬತ್ತಿಯ ಹೊಗೆಯ ಮೇಲಿತ್ತು. ಹೊಗೆ ಅತ್ತಿತ್ತ ಹೋಗಲಿಲ್ಲ. ಉರಿಯುವ ದೀಪದ ಬಿಸಿಯೊಡನೆ ಕಂಬಕ್ಕೆ ಒರಗಿಕೊಂಡೇ ನೇರ ಮೇಲಕ್ಕೆ ಹತ್ತಿ, ಬುಡ ತೆರೆದ ಪ್ಲಾಸ್ಟಿಕ್ ಗೂಡಿನೊಳಗೆ ಹೊಕ್ಕು, ಅಲ್ಲೇ ತುಂಬಿಕೊಂಡಿತು. ಥರ್ಮೋಸ್ಟಾಟ್ ಇಪ್ಪತ್ತಾರು ಎಂದಿತು. ಸ್ವಲ್ಪ ಹೊತ್ತಿಗೆ ಇಪ್ಪತ್ತೆಂಟು. ಚಾವಣಿಯೊಳಗೆ ಕಟಕ್ ಎಂದು ಒಂದು ಸದ್ದಾಯಿತು. ಆ ಗದ್ದಲದಲ್ಲಿ ಅದು ಯಾರಿಗೂ ಕೇಳಿಸುವಂತಿರಲಿಲ್ಲ, ಅದನ್ನು ಕೂರಿಸಿದವರಿಗೆ ಮಾತ್ರ ಕೇಳಿಸಿತು. ತಗಡಿನ ಬಾಗಿಲು ಪೂರ್ತಿ ತೆರೆದುಕೊಂಡಿತ್ತು. ತಣ್ಣನೆ ಗಾಳಿ ಏಳನೇ ಮೇಜಿನ ಮೇಲೆ ಧಾರಾಳವಾಗಿ ಸುರಿಯಿತು.

ಜುಲೈಯಲ್ಲಿ ಗುಡಿ ಈ ಕಂಬಕ್ಕೆ ಬಂದಾಗ ಅದರ ಬಲ್ಬುಗಳ ಬಿಸಿಗೆ ಥರ್ಮೋಸ್ಟಾಟ್ ಒಂದು ಡಿಗ್ರಿ ಏರಿತ್ತು. ಅದರಿಂದ ಚಳಿಯಾದಾಗ ಅಜ್ಜಿ ದೇವರಿಗೆ ಮೂರು ಕಡ್ಡಿ ಹಚ್ಚಿದರು. ಇನ್ನೂ ಚಳಿಯಾಯಿತು, ಎಣ್ಣೆ ದೀಪ ಸೇರಿಸಿದರು. ಮತ್ತಷ್ಟು ಚಳಿಯಾಯಿತು, ದಪ್ಪ ಕಡ್ಡಿ ತಂದರು. ಮಧ್ಯಾಹ್ನ ಮೂರಕ್ಕೆ ಸಿಫು ಬರುವಷ್ಟರಲ್ಲಿ ಎಣ್ಣೆ ಮುಗಿದು, ಕಡ್ಡಿ ಬೂದಿಯಾಗಿ, ಎಲ್ಲವೂ ಇಪ್ಪತ್ತೈದು. ಆ ಖಾಲಿ ಲೋಟದ ಮುಂದೆಯೇ ಅವರು ಪ್ರತಿ ಸಲವೂ ಕೈಜೋಡಿಸಿದ್ದರು.

ಸಿಫು ಜೋರಾಗಿ ನಗಬೇಕೆಂದುಕೊಂಡರಂತೆ. ಆದರೆ ಎದುರಿಗೆ ಅತ್ತೆ ಸ್ವೆಟರಿನ ಗುಂಡಿ ಹಾಕಿಕೊಳ್ಳುತ್ತಿದ್ದರು. ಬೆರಳು ಸೆಟೆದು ಗುಂಡಿ ಕೈಗೆ ಸಿಗುತ್ತಿರಲಿಲ್ಲ.

ದೀಪ ತೆಗೆಯಿರಿ ಎಂದರೆ ಒಂದೇ ಮಾತಿನಲ್ಲಿ ಮುಗಿಯುತ್ತಿತ್ತು. ಆದರೆ ಅಳಿಯನ ಹೆಸರುಳಿಸಲು ಹಚ್ಚಿದ ದೀಪವೇ ಅದನ್ನು ಕೆಡಿಸಿತೆಂದು ಅವರಿಗೆ ಗೊತ್ತಾಗುತ್ತಿತ್ತು, ಚಳಿ ತರುವ ಅಜ್ಜಿ ಎಂದು ನಕ್ಕವರಿಗೂ ಗೊತ್ತಾಗುತ್ತಿತ್ತು. ಗುಡಿಯನ್ನು ಸರಿಸೋಣವೆಂದರೆ ಏಳನೇ ತಿಂಗಳಲ್ಲಿ ದೇವರನ್ನು ಅಲುಗಿಸುವವರು ಇಡೀ ಹಾಂಗ್‌ಕಾಂಗಿನಲ್ಲಿ ಸಿಗುವುದಿಲ್ಲ. ಉಳಿದದ್ದು ಒಂದೇ ದಾರಿ. ಅದಕ್ಕೆ ಮೋಕ್ ಸಿಫು ನಲವತ್ತೈದು ವರ್ಷದಲ್ಲಿ ಒಮ್ಮೆಯೂ ಆಡದ ಒಂದು ಮಾತನ್ನು ಆಡಬೇಕಿತ್ತು.

"ಸೀತೋ ಮ್ಯಾನೇಜರ್, ಇಲ್ಲಿ ಬನ್ನಿ" ಎಂದು ಕರೆದರು. ಅಕ್ಕಪಕ್ಕದ ಮೇಜಿನವರೂ ಕತ್ತು ತಿರುಗಿಸಿದರು. "ತಪ್ಪು ಗೊತ್ತಾಯ್ತು. ತಪ್ಪು ನಂದು. ಥರ್ಮೋಸ್ಟಾಟನ್ನ ನಾನು ತಪ್ಪು ಜಾಗದಲ್ಲಿ ಹಾಕಿದೀನಿ."

"ಹತ್ತೊಂಬತ್ತು ವರ್ಷ ಸರಿ ಇತ್ತಲ್ಲ, ಸಿಫು?"

"ಆಗ ಈ ಕಂಬದ ಕೆಳಗೆ..." ಎಂದು ಶುರು ಮಾಡಿ ಸಿಫು ನಾಲಿಗೆ ಕಚ್ಚಿಕೊಂಡರು. "ಆಗ ಗೊತ್ತಾಗಿರ್ಲಿಲ್ಲ. ಕಂಬ ಸರಿಯಿಲ್ಲ. ಆಚೆ ಗೋಡೆಗೆ ಹಾಕ್ತೀನಿ, ಇವತ್ತೇ. ಮೂರು ದಿನ ನೋಡಿ, ಆಮೇಲೆ ಮೇಜಿನ ಮಾತು ಎತ್ತಿ."

ಕ್ವಾಯ್ ಪೋ ಅಳಿಯನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ನಿಧಾನವಾಗಿ, ಆದರೆ ಇಪ್ಪತ್ತೊಂದನೇ ಮೇಜಿಗೂ ಕೇಳುವಂತೆ, "ಸಾಮ್ ಕು! ಕೇಳಿಸ್ಕೊಂಡ್ಯಾ? ಹತ್ತೊಂಬತ್ತು ವರ್ಷ ತಪ್ಪು ಜಾಗದಲ್ಲಿತ್ತಂತೆ! ಚಳಿ ನನ್ನ ಚೀಲದಲ್ಲಿರ್ಲಿಲ್ಲ!" ಎಂದರು.

"ಕೇಳಿಸ್ತು. ಚೀಲಕ್ಕೆ ನನ್ನ ಕ್ಷಮೆ ಹೇಳು."

ತೋಂಗ್ ಟೀಚರ್ ಮಾತ್ರ ನಗಲಿಲ್ಲ. ಅವರ ಕಣ್ಣು ದೀಪದಿಂದ ಹೊಗೆಗೆ, ಹೊಗೆಯಿಂದ ಪ್ಲಾಸ್ಟಿಕ್ ಗೂಡಿಗೆ, ಅಲ್ಲಿಂದ ಸಿಫು ಮುಖಕ್ಕೆ ಬಂತು. ಲೆಕ್ಕದ ಟೀಚರ್. ಪುಟ್ಟ ಪುಸ್ತಕ ತೆರೆದರು, ಪೆನ್ನಿನ ಮುಚ್ಚಳ ತೆಗೆದರು, ಮತ್ತೆ ಮುಚ್ಚಿಟ್ಟರು. ಆ ದಿನದ ಪುಟವನ್ನು ನನಗೂ ತೋರಿಸಿದ್ದಾರೆ. ಖಾಲಿ ಇದೆ.

ಸಿಫು ಕಿವಿಯ ಮೇಲಿನ ಪೆನ್ಸಿಲ್ ತೆಗೆದು, ಕ್ವಾಯ್ ಪೋ ಕುರ್ಚಿಯ ಹಿಂದಿನ ಗೋಡೆಗೆ ಹೋಗಿ ಬಗ್ಗಿದರು.

"ನನ್ನ ಬೆನ್ನ ಹಿಂದೆ ಏನು ಗೀಚ್ತಿದೀಯ?"

"ಅಳತೆ ತಗೊಳ್ತಿದೀನಿ. ಅಲ್ಲಾಡ್ಬೇಡಿ."

"ಹೆಣದ ಪೆಟ್ಟಿಗೆಗಾ?"

"ಥೂ, ಥೂ! ಏಳನೇ ತಿಂಗಳಲ್ಲಿ ಎಂಥ ಮಾತು!" ಎಂದರು ಟೀಚರ್. "ಉಗುಳು, ಉಗುಳಿ ಬೇರೆ ಮಾತಾಡು."

ಕ್ವಾಯ್ ಪೋ ಪಕ್ಕಕ್ಕೆ ಥೂ ಎಂದು ಉಗಿದಂತೆ ಮಾಡಿ, "ಹಾಗಾದ್ರೆ ಹೊಸ ಸ್ವೆಟರಿಗಿರ್ಬೇಕು" ಎಂದರು.

ಹತ್ತೊಂಬತ್ತು ವರ್ಷದ ಹಿಂದೆ ಸಿಫು ಆರೂ ಥರ್ಮೋಸ್ಟಾಟುಗಳನ್ನು ನಿಂತ ಗಂಡಸಿನ ಕಣ್ಣೆತ್ತರಕ್ಕೆ ಹಾಕಿದ್ದರು, ಎಲ್ಲರೂ ಹಾಗೇ ಹಾಕುತ್ತಾರೆ. ಆ ಮಧ್ಯಾಹ್ನ ಪಶ್ಚಿಮ ಮೂಲೆಯದನ್ನು ಕಿತ್ತು, ಚಾವಣಿಯೊಳಗಿಂದ ಹೊಸ ತಂತಿ ಎಳೆದು, ಕೂತ ಅಜ್ಜಿಯ ಭುಜದ ಎತ್ತರಕ್ಕೆ, ಪೆನ್ಸಿಲ್ ಗೆರೆಯ ಮೇಲೆ ಹಾಕಿದರು. ಪ್ಲಾಸ್ಟಿಕ್ ಗೂಡು ಬೇಡವೆಂದರು. ಅಲ್ಲಿ ಯಾರಾದರೂ ಬೆರಳಾಡಿಸಲು ಬಂದರೆ ಮೊದಲು ಕ್ವಾಯ್ ಪೋ ಅವರನ್ನು ದಾಟಬೇಕಿತ್ತು.

ಮರುದಿನ ದೀಪ ಎಂದಿನಂತೆ ಉರಿಯಿತು, ದಪ್ಪ ಕಡ್ಡಿಯೂ ಉರಿಯಿತು. ಥರ್ಮೋಸ್ಟಾಟ್ ಇಪ್ಪತ್ತೈದು ಎಂದಿತು. ಏಳೂವರೆಗೆ ಸಾಮ್ ಕು ಬಟ್ಟಲು ಹಿಡಿದು ವಾಪಸು ಬಂದರು. ಮೂರು ದಿನದ ಮೇಲೆ ಮೂನ್‌ಕೇಕಿನ ಡಬ್ಬಿಗಳು ಬಂದಾಗ ಸೀತೋ ಕೌಂಟರನ್ನು ಬಾಗಿಲ ಹತ್ತಿರ, ಗಲ್ಲಾಪೆಟ್ಟಿಗೆಯ ಪಕ್ಕಕ್ಕೆ ಹಾಕಿಸಿದರು. ಅಳಿಯ ಹತ್ತೊಂಬತ್ತು ವರ್ಷ ತಪ್ಪು ಮಾಡಿದ ಕತೆಯನ್ನು ಕ್ವಾಯ್ ಪೋ ತಿಂಡಿ ಗಾಡಿ ತಳ್ಳುವವರಿಗೂ ಹೇಳಿದರು. ಕೊನೆಗೆ ಪ್ರತಿ ಸಲವೂ ಒಂದು ಮಾತು ಸೇರಿಸುತ್ತಿದ್ದರು. "ಆದ್ರೆ ತಪ್ಪು ಒಪ್ಕೊಂಡ. ಫೆರಿ ಗುಮಾಸ್ತ ಆಗಿದ್ರೆ ಒಪ್ಕೋತಿರ್ಲಿಲ್ಲ."

ಇಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಹತ್ತು ದಿನ ಬಿಟ್ಟು ಸೀತೋ ಮತ್ತೆ ಫೋನು ಮಾಡಿದರು. ಆ ಮೂಲೆ ಅರ್ಧ ಗಂಟೆ ಚಳಿ, ಅರ್ಧ ಗಂಟೆ ಸರಿ, ಮತ್ತೆ ಚಳಿ, ಬೆಳಿಗ್ಗೆಯೆಲ್ಲ ಹೀಗೇ ಎಂದರು.

ಈ ಸಲ ಸಿಫು ಮೂರು ಗಂಟೆಗೆ ಕಾಯಲಿಲ್ಲ. ಬೆಳಿಗ್ಗೆ ಏಳಕ್ಕೇ ಹೋಗಿ ಬಾಗಿಲಲ್ಲಿ ನಿಂತು ಭುಜ ಎಣಿಸಿದರು. ಪಶ್ಚಿಮ ಮೂಲೆಯಲ್ಲಿ ಸೊನ್ನೆ. ಹಾಗಾದರೆ ಕ್ವಾಯ್ ಪೋ ಅವರ ಸ್ವೆಟರ್ ಎಲ್ಲಿ? ಅದು ಅವರ ಕುರ್ಚಿಯ ಹಿಂದೆ, ಭುಜದ ಎತ್ತರದಲ್ಲಿ, ಕೈಗೆ ಸಲೀಸಾಗಿ ಸಿಗುವಂತೆ, ಥರ್ಮೋಸ್ಟಾಟಿನ ಮೇಲೆ ತೂಗುಬಿದ್ದಿತ್ತು. ದಪ್ಪ ಉಣ್ಣೆಯೊಳಗೆ ಬೆಚ್ಚಗೆ ಕೂತ ಥರ್ಮೋಸ್ಟಾಟಿಗೆ ಸೆಕೆಯಾಗಿ, ಚಾವಣಿಯಲ್ಲಿ ಕಟಕ್ ಎಂದಿತು. ಗಾಳಿ ಸುರಿಯಿತು. ಅಜ್ಜಿ ಕೈ ಹಿಂದಕ್ಕೆ ಚಾಚಿ ಸ್ವೆಟರ್ ಎಳೆದು ಹಾಕಿಕೊಂಡರು. ಸ್ವಲ್ಪ ಹೊತ್ತಿಗೆ ಮತ್ತೆ ಕಟಕ್, ಗಾಳಿ ತಗ್ಗಿತು. ಅಜ್ಜಿ ಸೆಕೆ ಎಂದು ಸ್ವೆಟರ್ ಬಿಚ್ಚಿ ಮತ್ತೆ ಅಲ್ಲೇ ತೂಗುಹಾಕಿದರು.

ಸಿಫು ಇದನ್ನು ಬಾಗಿಲಲ್ಲೇ ನಿಂತು ಎರಡು ಸುತ್ತು ನೋಡಿದರು. ಆಮೇಲೆ ಹೋಗಿ ಸ್ವೆಟರನ್ನು ಎತ್ತಿ ಟೀಚರ್ ಕೈಗೆ ಕೊಟ್ಟು, ಥರ್ಮೋಸ್ಟಾಟಿನಿಂದ ಎರಡು ಗೇಣು ಆಚೆ, ಅದೇ ಎತ್ತರಕ್ಕೆ ಒಂದು ಮೊಳೆ ಹೊಡೆದು, ಸ್ವೆಟರನ್ನು ಅದಕ್ಕೆ ತೂಗುಹಾಕಿದರು.

"ಅದ್ಯಾಕೆ? ಆ ಡಬ್ಬಿ ಚೆನ್ನಾಗಿತ್ತು" ಎಂದರು ಅತ್ತೆ.

"ಇದೂ ನಂದೇ ತಪ್ಪು, ಅತ್ತೆ. ಅವತ್ತೇ ಮೊಳೆ ಹೊಡೀಬೇಕಿತ್ತು."

"ತಿಂಗಳಿಗೆ ಎರಡು ತಪ್ಪು ಒಪ್ಕೊಂಡ್ರೆ ಆಯಸ್ಸು ಹೆಚ್ಚತ್ತೆ. ಬರ್ಕೊಳಿ ಟೀಚರ್."

ಸಿಫು ಸುತ್ತಿಗೆಯನ್ನು ಚೀಲಕ್ಕೆ ಹಾಕಿ, ಮೂಲೆಯನ್ನು ಇನ್ನೊಮ್ಮೆ ಎಣಿಸಿದರು. ಭುಜದ ಮೇಲಿನವು ಸೊನ್ನೆ. ಮೊಳೆಯ ಮೇಲಿರುವುದು ಲೆಕ್ಕಕ್ಕಿಲ್ಲ. ಕಾಲು ಉದ್ದ ಬಿಡದ ಹಾಗೆ ಸ್ಟೂಲು ಎಳೆದುಕೊಂಡು ಏಳನೇ ಮೇಜಿಗೆ ಕೂತು, ಹೋಗುತ್ತಿದ್ದ ಗಾಡಿಯನ್ನು ನಿಲ್ಲಿಸಿ, ಒಂದು ಬುಟ್ಟಿ ಸೀಗಡಿ ಕಡುಬು ಇಳಿಸಿಕೊಂಡರು.